ಕಟ್ಟಡಕ್ಕೆಲ್ಲ ಒಂದೇ ಆಂಟೆನಾ: ಪ್ರಸಾರದ ರೀತಿ ಬದಲಾದಾಗ ಏನು ಮಾಡಬೇಕು?

ಚಾವಣಿಯ ಮೇಲೆ ಒಂದು ಆಂಟೆನಾ, ಪಕ್ಕದಲ್ಲಿ ಒಂದು ಆಂಪ್ಲಿಫೈಯರ್, ಅಲ್ಲಿಂದ ಸ್ಪ್ಲಿಟರ್ (ಸಿಗ್ನಲನ್ನು ಹಲವು ಕೇಬಲ್‌ಗೆ ಹಂಚುವುದು) ಮತ್ತು ಟ್ಯಾಪ್‌ಗಳನ್ನು (ಸಾಗುವ ಕೇಬಲಿನಿಂದ ಒಂದೊಂದು ಮನೆಗೆ ಸ್ವಲ್ಪ ತೆಗೆದುಕೊಡುವುದು) ದಾಟಿ ಪ್ರತಿ ಮನೆಯ ಸಾಕೆಟ್‌ವರೆಗೆ ಕೇಬಲ್. ದೊಡ್ಡ ಕಟ್ಟಡಗಳ ಹಂಚಿಕೆ ಆಂಟೆನಾ ಅಂದರೆ ಇಷ್ಟೇ. ಪ್ರಸಾರದ ರೀತಿ ಬದಲಾಗುತ್ತದೆ ಅಂದ ತಕ್ಷಣ ಇದನ್ನೆಲ್ಲ ಕಿತ್ತು ಹೊಸದು ಹಾಕಬೇಕು ಅನ್ನುವವರು ಸಿಗುತ್ತಾರೆ. ಸುಮ್ನೆ ಒಪ್ಪಿಕೊಳ್ಳಬೇಡಿ. ಕೇಬಲ್‌ಗೆ ಅನಲಾಗ್, ಡಿಜಿಟಲ್ ಎಂಬ ಭೇದ ಇಲ್ಲ. ಸಿಗ್ನಲ್ ಯಾವ ಫ್ರೀಕ್ವೆನ್ಸಿಯಲ್ಲಿದೆ, ಎಷ್ಟು ಬಲವಾಗಿದೆ, ಎಷ್ಟು ಶುದ್ಧವಾಗಿದೆ ಅನ್ನುವುದಷ್ಟೇ ಅಲ್ಲಿ ಮುಖ್ಯ.

ಹಾಗಾಗಿ ಮೊದಲ ಹೆಜ್ಜೆ, ಫ್ರೀಕ್ವೆನ್ಸಿ ಬದಲಾಗಿದೆಯಾ ನೋಡುವುದು. ಬ್ರಿಟನ್ನಿನಲ್ಲಿ ಚಿತ್ರವನ್ನು 405 ಗೆರೆಗಳಲ್ಲಿ ಬಿಡಿಸುವ ಹಳೆಯ ಪ್ರಸಾರ ವಿಎಚ್‌ಎಫ್ ಎಂಬ ಕೆಳಗಿನ ಫ್ರೀಕ್ವೆನ್ಸಿಗಳಲ್ಲಿತ್ತು. 1964ರಲ್ಲಿ ಬಿಬಿಸಿ-2 ಬಂದಾಗ 625 ಗೆರೆ, ಜೊತೆಗೆ ಅದಕ್ಕಿಂತ ಮೇಲಿನ ಯುಎಚ್‌ಎಫ್ ಫ್ರೀಕ್ವೆನ್ಸಿ. ಕಷ್ಟ ತಂದದ್ದು ಯುಎಚ್‌ಎಫ್. ಫ್ರೀಕ್ವೆನ್ಸಿ ಏರಿದಂತೆ ಕೇಬಲ್ ಜಾಸ್ತಿ ಸಿಗ್ನಲ್ ನುಂಗುತ್ತದೆ. 200 ಮೆಗಾಹರ್ಟ್ಸ್‌ನಿಂದ 800ಕ್ಕೆ ಹೋದರೆ ಡೆಸಿಬಲ್ ಲೆಕ್ಕದಲ್ಲಿ ನಷ್ಟ ಹೆಚ್ಚುಕಡಿಮೆ ಎರಡು ಪಟ್ಟು. ಇದಕ್ಕೆ ಆ ಕಾಲದ ಒಂದು ಜಾಣ ಪರಿಹಾರ, ಚಾವಣಿಯಲ್ಲೇ ಕನ್ವರ್ಟರ್ ಇಟ್ಟು ಯುಎಚ್‌ಎಫ್ ಚಾನೆಲನ್ನು ಖಾಲಿ ಇರುವ ವಿಎಚ್‌ಎಫ್ ಚಾನೆಲಿಗೆ ಇಳಿಸಿ, ಹಳೆಯ ಕೇಬಲಿನಲ್ಲೇ ಕೆಳಗೆ ಕಳಿಸುವುದು. ಕೇಬಲ್ ಮುಟ್ಟದೆ ಕೆಲಸ ಆಯಿತಲ್ವಾ?

ಆಮೇಲೆ ಆಂಪ್ಲಿಫೈಯರ್ ಪೆಟ್ಟಿಗೆ ತೆರೆಯಿರಿ. ಒಂದೊಂದು ಚಾನೆಲಿಗೂ ಬೇರೆ ಬೇರೆ ಫಿಲ್ಟರ್ ಘಟಕಗಳು ಸಾಲಾಗಿ ಇದ್ದರೆ ಎಚ್ಚರ. ಅನಲಾಗ್ ಕಾಲಕ್ಕೆ ಅದು ಒಳ್ಳೆಯ ವ್ಯವಸ್ಥೆ. ಆದರೆ ಬ್ರಿಟನ್ನಿನಲ್ಲಿ 2007ರಿಂದ 2012ರವರೆಗೆ ನಡೆದಂಥ ಡಿಜಿಟಲ್ ಬದಲಾವಣೆಯಲ್ಲಿ ಚಾನೆಲ್‌ಗಳು ಜಾಗ ಬದಲಿಸಿದರೆ, ಆಂಟೆನಾಗೆ ಸಿಗ್ನಲ್ ಬಂದರೂ ಹಳೆಯ ಫಿಲ್ಟರ್ ಅದನ್ನು ತಡೆಯುತ್ತದೆ. ಫಿಲ್ಟರನ್ನು ಹೊಸ ಚಾನೆಲಿಗೆ ಹೊಂದಿಸಬೇಕು, ಇಲ್ಲವೇ ಇಡೀ ಬ್ಯಾಂಡ್ ಹಿಡಿಯುವ ಆಂಪ್ಲಿಫೈಯರ್ ಹಾಕಬೇಕು. ಎರಡನೆಯದು ಸುಲಭ ಅನಿಸುತ್ತದೆ, ಆದರೆ ಅದು ಬೇಡದ್ದನ್ನೂ ಹಿಗ್ಗಿಸುತ್ತದೆ. ಯುರೋಪಿನಲ್ಲಿ ಮೊದಲು 790 ಮೆಗಾಹರ್ಟ್ಸ್‌ಗಿಂತ ಮೇಲಿನದು, ನಂತರ 694ರ ಮೇಲಿನದೂ ಟಿವಿಯಿಂದ ಮೊಬೈಲ್‌ಗೆ ಹೋಯಿತು. ಹತ್ತಿರದ ಮೊಬೈಲ್ ಟವರಿನ ಸಿಗ್ನಲ್ ಆಂಪ್ಲಿಫೈಯರನ್ನು ಉಸಿರುಗಟ್ಟಿಸಬಹುದು. ಅದಕ್ಕೆ ಮೊಬೈಲ್ ಸಿಗ್ನಲ್ ತಡೆಯುವ ಫಿಲ್ಟರನ್ನು ಆಂಪ್ಲಿಫೈಯರಿಗಿಂತ ಮೊದಲೇ ಹಾಕಿ. ಒಳಗೆ ಒಮ್ಮೆ ಕಲಬೆರಕೆ ಆದರೆ ಹೊರಗಿನ ಯಾವ ಫಿಲ್ಟರೂ ಅದನ್ನು ಬಿಡಿಸಲಾರದು.

ಮೂರನೆಯದು ಅಳತೆ, ಜನ ಬಿಟ್ಟುಬಿಡುವುದೂ ಇದನ್ನೇ. ಅನಲಾಗ್ ಚಿತ್ರ ಹಾಳಾಗುವ ಮೊದಲು ಚುಕ್ಕೆ ಚುಕ್ಕೆಯಾಗಿ ಸೂಚನೆ ಕೊಡುತ್ತಿತ್ತು. ಡಿಜಿಟಲ್ ಹಾಗಲ್ಲ, ಚೆನ್ನಾಗಿ ಬರುತ್ತಿದ್ದದ್ದು ಒಮ್ಮೆಲೇ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. ಮೀಟರ್ ಹಿಡಿದು ಅತಿ ದೂರದ ಸಾಕೆಟ್‌ನಲ್ಲೂ, ಅತಿ ಹತ್ತಿರದ್ದರಲ್ಲೂ ನೋಡಿ. ಸಿಗ್ನಲಿನ ಮಟ್ಟ ಸುಮಾರು 45ರಿಂದ 70 ಡೆಸಿಬಲ್ ಮೈಕ್ರೋವೋಲ್ಟ್ ಒಳಗಿದ್ದರೆ ಸರಿ, ಆದರೆ ಮಟ್ಟ ಒಂದನ್ನೇ ನಂಬಬೇಡಿ, ಎಂಇಆರ್ (ಡಿಜಿಟಲ್ ಸಿಗ್ನಲ್ ಎಷ್ಟು ಶುದ್ಧ ಅನ್ನುವ ಅಳತೆ) ಮತ್ತು ದೋಷದ ಪ್ರಮಾಣವನ್ನೂ ಓದಿ. ಮಟ್ಟ ಚೆನ್ನಾಗಿದ್ದು ಎಂಇಆರ್ ಕಡಿಮೆಯಿದ್ದರೆ ಆಂಪ್ಲಿಫೈಯರ್ ಅತಿಯಾಗಿ ದುಡಿಯುತ್ತಿರಬಹುದು. ಚಾನೆಲ್‌ಗಳು ಹೆಚ್ಚಾದಷ್ಟೂ ಒಂದೊಂದಕ್ಕೆ ಅದು ಕೊಡಬಲ್ಲ ಬಲ ಕಡಿಮೆ. ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, ಇಳಿಸಿ ನೋಡಿ, ಚಿತ್ರ ಸರಿಹೋದರೆ ಕಾರಣ ಅದೇ. ಕೇಬಲಿನ ಕೊನೆಯ ಟ್ಯಾಪ್‌ನಲ್ಲಿ ಉಳಿದ ಸಿಗ್ನಲನ್ನು ಹೀರಿಕೊಳ್ಳುವ 75 ಓಮ್ ಟರ್ಮಿನೇಟರ್ ಇದೆಯಾ ಅಂತಲೂ ನೋಡಿ, ಇಲ್ಲದಿದ್ದರೆ ಸಿಗ್ನಲ್ ತಿರುಗಿ ಬಂದು ತೊಂದರೆ ಕೊಡುತ್ತದೆ.

ಆಂಟೆನಾಗೆ ಬರುವ ಡಿಜಿಟಲ್ ಟಿವಿಯ ಹಳೆಯ ಪದ್ಧತಿ ಡಿವಿಬಿ-ಟಿ ಯಿಂದ ಹೊಸದಾದ ಡಿವಿಬಿ-ಟಿ2 ಗೆ ಹೋಗುವುದಾದರೆ? ಫ್ರೀಕ್ವೆನ್ಸಿ ಅದೇ ಇದ್ದರೆ, ಅಳತೆ ಸರಿಯಿದ್ದರೆ, ಕಟ್ಟಡದಲ್ಲಿ ಏನೂ ಬದಲಿಸುವುದು ಬೇಡ. ಜರ್ಮನಿ 2017ರಲ್ಲಿ ಟಿ2 ಜೊತೆಗೆ ಎಚ್‌ಇವಿಸಿ ಎಂಬ ವಿಡಿಯೊ ಕುಗ್ಗಿಸುವ ಪದ್ಧತಿ ತಂದಾಗ ಹಳೆಯ ಟಿವಿಗಳಿಗೆ ಹೊಸ ಬಾಕ್ಸ್ ಬೇಕಾಯಿತು, ಏಕೆಂದರೆ ಬದಲಾವಣೆ ಅರ್ಥವಾಗಬೇಕಾದದ್ದು ರಿಸೀವರಿಗೆ.

ಉಪಗ್ರಹದ ಪ್ರಸಾರ ಸೇರಿಸುವಾಗ ಮಾತ್ರ ಕೇಬಲಿನ ಪ್ರಶ್ನೆ ನಿಜಕ್ಕೂ ಬರುತ್ತದೆ. ಡಿಶ್ ಮುಂದಿರುವ ಎಲ್‌ಎನ್‌ಬಿ ಘಟಕ ಕೊಡುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್. ಎರಡು ಧ್ರುವೀಕರಣ (ಅಲೆ ಕಂಪಿಸುವ ದಿಕ್ಕು), ಎರಡು ಬ್ಯಾಂಡ್, ಒಟ್ಟು ನಾಲ್ಕು ಗುಂಪು, ಎಲ್ಲವೂ ಅದೇ ಫ್ರೀಕ್ವೆನ್ಸಿಯಲ್ಲಿ. ರಿಸೀವರ್ 13 ಅಥವಾ 18 ವೋಲ್ಟ್ ಮತ್ತು 22 ಕಿಲೋಹರ್ಟ್ಸ್ ಟೋನ್‌ನಿಂದ ತನಗೆ ಬೇಕಾದ ಗುಂಪನ್ನು ಕೇಳುತ್ತದೆ, ಗುಂಪುಗಳನ್ನು ಹಂಚುವ ಪೆಟ್ಟಿಗೆ ಮಲ್ಟಿಸ್ವಿಚ್ ಅದನ್ನು ಕೊಡುತ್ತದೆ. ಇದಕ್ಕೆ ಪ್ರತಿ ರಿಸೀವರಿಗೂ ಮಲ್ಟಿಸ್ವಿಚ್‌ನಿಂದ ನೇರ ಕೇಬಲ್ ಬೇಕು. ಹಳೆಯ ಕಟ್ಟಡದಲ್ಲಿ ಒಂದೇ ಕೇಬಲ್ ಮನೆಯಿಂದ ಮನೆಗೆ ಹಾದುಹೋಗಿದ್ದರೆ ಎರಡು ದಾರಿ ಇವೆ. ಚಾವಣಿಯಲ್ಲೇ ಬೇಕಾದ ಚಾನೆಲ್‌ಗಳನ್ನು ಟ್ರಾನ್ಸ್‌ಮಾಡ್ಯುಲೇಟರ್‌ನಿಂದ ಡಿವಿಬಿ-ಟಿ ಆಗಿಸಿ ಕಳಿಸುವುದು ಒಂದು. ಯೂನಿಕೇಬಲ್ ಇನ್ನೊಂದು, ಇದರಲ್ಲಿ ಒಂದೇ ಕೇಬಲ್‌ನಲ್ಲಿ ಪ್ರತಿ ರಿಸೀವರಿಗೂ ತನ್ನದೇ ಯೂಸರ್ ಬ್ಯಾಂಡ್, ಅಂದರೆ ತನಗೇ ಮೀಸಲಾದ ಫ್ರೀಕ್ವೆನ್ಸಿ, ಇರುತ್ತದೆ. ಯೂನಿಕೇಬಲಿನ ಮೊದಲ ರೂಪದಲ್ಲಿ ಇಂಥ ಬ್ಯಾಂಡ್ 8, ಎರಡನೆಯ ರೂಪದಲ್ಲಿ 32ರವರೆಗೆ. ಹೊಸ ಕೇಬಲ್ ಎಳೆಯಲಾಗದ ಕಡೆ ನಾನು ಆರಿಸುವುದು ಯೂನಿಕೇಬಲನ್ನೇ, ಏಕೆಂದರೆ ಯಾವ ಚಾನೆಲ್ ನೋಡಬೇಕು ಅನ್ನುವುದು ಆಯಾ ಮನೆಯವರ ಕೈಯಲ್ಲೇ ಉಳಿಯುತ್ತದೆ. ಸಾಮಾನ್ಯ ಸಾಕೆಟ್ ಇದಕ್ಕೆ ಆಗುವುದಿಲ್ಲ, ಯೂನಿಕೇಬಲ್‌ಗೆಂದೇ ಇರುವುದನ್ನು ಹಾಕಿ. ಇಬ್ಬರು ಒಂದೇ ಬ್ಯಾಂಡ್ ಹಿಡಿದರೆ ಇಬ್ಬರ ಚಿತ್ರವೂ ಕೆಡುತ್ತದೆ, ಆದ್ದರಿಂದ ಪ್ರತಿ ಮನೆಯ ಬ್ಯಾಂಡ್ ಸಂಖ್ಯೆಯನ್ನು ಸಾಕೆಟ್ ಮುಚ್ಚಳದ ಒಳಗೆ ಬರೆದು ಅಂಟಿಸಿ.