ಫಿಡೋನೆಟ್‌ನಿಂದ ಇಂಟರ್ನೆಟ್‌ಗೆ: ಮನೆಯ ಪಿಸಿಯಲ್ಲಿ ಗೇಟ್‌ವೇ ಕಟ್ಟುತ್ತಿದ್ದದ್ದು ಹೀಗೆ

1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನಿಂಗ್ಸ್ ಮತ್ತು ಬಾಲ್ಟಿಮೋರ್‌ನ ಜಾನ್ ಮ್ಯಾಡಿಲ್ ತಮ್ಮ ಕಂಪ್ಯೂಟರ್‌ಗಳ ನಡುವೆ ಫೋನ್ ಲೈನ್ ಮೂಲಕ ಪತ್ರ ಕಳಿಸಲು ಶುರು ಮಾಡಿದರು. ಅದೇ ಫಿಡೋನೆಟ್. ಮೋಡೆಮ್‌ನಿಂದ ಫೋನ್ ಮಾಡಿ ಸಂದೇಶ ಓದುವ, ಬರೆಯುವ ಬಿಬಿಎಸ್‌ಗಳನ್ನು ನಡೆಸುತ್ತಿದ್ದ ಹವ್ಯಾಸಿಗಳು ಸಾವಿರಗಟ್ಟಲೆ ಅದಕ್ಕೆ ಸೇರಿಕೊಂಡರು. ಬೆಂಗಳೂರಿನ ಅತುಲ್ ಚಿಟ್ನಿಸ್ ಅವರಂಥವರು ನಮ್ಮಲ್ಲೂ ಬಿಬಿಎಸ್ ನಡೆಸುತ್ತಿದ್ದ ಕಾಲ ಅದು. ಸಾರ್ವಜನಿಕರಿಗೆ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್‌ನ ಇಂಟರ್ನೆಟ್ ಬಂದದ್ದು ಆಮೇಲೆ, 1995ರ ಆಗಸ್ಟ್ 15ರಂದು.

ಆಗ ಇಂಟರ್ನೆಟ್ ಇದ್ದದ್ದು ಹೆಚ್ಚಾಗಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಒಳಗೆ. ಆದರೂ ಫಿಡೋನೆಟ್‌ನವರು ಡಾಸ್ ಎಂಬ ಸರಳ ಆಪರೇಟಿಂಗ್ ಸಿಸ್ಟಂ ಇದ್ದ ಪಿಸಿಯಲ್ಲಿ ಕೂತು ಅಲ್ಲಿಗೆ ಇಮೇಲ್ ಬರೆಯುತ್ತಿದ್ದರು, ಉತ್ತರವನ್ನೂ ಪಡೆಯುತ್ತಿದ್ದರು. ಸದಾ ತೆರೆದಿರುವ ಸಂಪರ್ಕ ಅವರಿಗೆ ಬೇಕೇ ಇರಲಿಲ್ಲ. ಬೇಕಿದ್ದದ್ದು ಎರಡೂ ಕಡೆಯ ವಿಳಾಸ ಅರ್ಥವಾಗುವ ಒಂದು ಕಂಪ್ಯೂಟರ್, ಅದೇ ಗೇಟ್‌ವೇ. ಈಗ ನೀವೇ 1990ರ ಅಮೆರಿಕದಲ್ಲಿ ಒಂದು ಫಿಡೋ ನೋಡ್, ಅಂದರೆ ಆ ಜಾಲಕ್ಕೆ ಸೇರಿದ ಒಂದು ಕಂಪ್ಯೂಟರ್, ನಡೆಸುತ್ತಿದ್ದೀರಿ ಅಂದುಕೊಳ್ಳಿ.

1. ಯುನಿಕ್ಸ್ ಯಂತ್ರ ಇರುವವರನ್ನು ಹುಡುಕಿ

ಊರಿನ ಕಾಲೇಜು ಅಥವಾ ಕಂಪನಿಯಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಓಡುವ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೇಳಿ. ಅದು ಲೋಕಲ್ ಕರೆಯ ವ್ಯಾಪ್ತಿಯಲ್ಲೇ ಇರಲಿ, ಇಲ್ಲದಿದ್ದರೆ ಫೋನ್ ಬಿಲ್ ಕೈಮೀರುತ್ತದೆ. ಅವರಿಂದ ಬೇಕಾದ್ದು ಒಂದು ಲಾಗಿನ್, ಒಂದು ಪಾಸ್‌ವರ್ಡ್, ಮೋಡೆಮ್ ನಂಬರ್. ಪತ್ರ ಸಾಗುವುದು ಯುಯುಸಿಪಿ ಎಂಬ ವಿಧಾನದಲ್ಲಿ. ಯುನಿಕ್ಸ್ ಯಂತ್ರಗಳು ಒಂದಕ್ಕೊಂದು ಫೋನ್ ಮಾಡಿ ಫೈಲ್ ಬದಲಿಸಿಕೊಳ್ಳಲೆಂದು ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಅದನ್ನು ಬರೆದಿದ್ದರು. ನಿಮ್ಮ ಯಂತ್ರಕ್ಕೆ ಚಿಕ್ಕ ಹೆಸರಿಡಿ. ಹಳೆಯ ಯುನಿಕ್ಸ್‌ಗಳು ಮೊದಲ ಏಳು ಅಕ್ಷರಗಳನ್ನಷ್ಟೇ ಗುರುತಿಸುತ್ತವೆ.

2. ಪಿಸಿಗೆ ಯುಎಫ್‌ಗೇಟ್ ಹಾಕಿ

ಟಿಮ್ ಪೋಜರ್, ಗ್ಯಾರಿ ಪ್ಯಾಕ್ಸಿನೋಸ್ ಮತ್ತು ಜಾನ್ ಗ್ಯಾಲ್ವಿನ್ ಬರೆದ ಈ ಪ್ರೋಗ್ರಾಂ ಡಾಸ್ ಮೇಲೇ ಓಡುತ್ತದೆ. ಯುನಿಕ್ಸ್ ಕೊಳ್ಳಬೇಕಿಲ್ಲ, ಹವ್ಯಾಸಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನು? ಅದು ಯುಯುಸಿಪಿ ಮಾತಾಡುತ್ತದೆ, ಪತ್ರವನ್ನು ಫಿಡೋ ರೂಪಕ್ಕೆ ತರುತ್ತದೆ, ಅಲ್ಲಿಂದ ವಾಪಸ್ ಇಂಟರ್ನೆಟ್ ರೂಪಕ್ಕೂ ಬದಲಿಸುತ್ತದೆ.

3. ವಿಳಾಸ ಬದಲಿಸುವುದು

ಗೇಟ್‌ವೇ ಕೆಲಸದ ಜೀವಾಳ ಇಲ್ಲಿದೆ. ಫಿಡೋದಲ್ಲಿ ವಿಳಾಸ ಬರೀ ಅಂಕಿ. ಸುಮ್ನೆ ಉದಾಹರಣೆಗೆ 1:125/42 ತೆಗೆದುಕೊಳ್ಳಿ. 1 ಅಂದರೆ ಉತ್ತರ ಅಮೆರಿಕದ ವಲಯ, 125 ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಭಾಗದ ಗುಂಪು, 42 ಅಂದರೆ ಅಲ್ಲಿನ ಒಂದು ನೋಡ್. ಇದನ್ನು ಹಿಂದುಮುಂದು ಮಾಡಿ, ಅಂಕಿಗಳ ಮುಂದೆ ಒಂದೊಂದು ಅಕ್ಷರ ಸೇರಿಸಿ. ಎಫ್42.ಎನ್125.ಜೆಡ್1.ಫಿಡೋನೆಟ್.ಆರ್ಗ್ ಆಯಿತು. ಜಾನ್ ಸ್ಮಿತ್ ಎಂಬ ಬಳಕೆದಾರನ ಹೆಸರಿನ ನಡುವಿನ ಖಾಲಿ ಜಾಗಕ್ಕೆ ಚುಕ್ಕಿ ಇಟ್ಟರೆ ಜಾನ್.ಸ್ಮಿತ್@ಎಫ್42.ಎನ್125.ಜೆಡ್1.ಫಿಡೋನೆಟ್.ಆರ್ಗ್. ಪ್ರಪಂಚದ ಯಾವ ವಿಶ್ವವಿದ್ಯಾಲಯದಿಂದಲೂ ಈ ವಿಳಾಸಕ್ಕೆ ಬರೆಯಬಹುದು.

ಆದರೆ ನಿಮ್ಮ ಪಿಸಿ ಇಂಟರ್ನೆಟ್‌ನಲ್ಲೇ ಇಲ್ಲ, ಅಲ್ವಾ? ಅದಕ್ಕೆ ಉಪಾಯ 1986ರಲ್ಲೇ ಬಂದಿತ್ತು: ಎಂಎಕ್ಸ್ ದಾಖಲೆ. ಈ ಹೆಸರಿಗೆ ಬಂದ ಪತ್ರವನ್ನು ಇಂಥ ಯಂತ್ರಕ್ಕೆ ಕೊಡಿ ಎಂದು ಡೊಮೈನ್ ವ್ಯವಸ್ಥೆಯಲ್ಲಿ ಬರೆದಿಡುವುದು. ನಿಮ್ಮ ಗುಂಪಿನ ದಾಖಲೆ ಆ ಯುನಿಕ್ಸ್ ಯಂತ್ರದ ಕಡೆ ಬೆರಳು ತೋರಿಸುತ್ತದೆ. ನೀವು ಫೋನ್ ಮಾಡುವವರೆಗೆ ಪತ್ರ ಅಲ್ಲೇ ಕಾದಿರುತ್ತದೆ.

ಹೊರಗೆ ಹೋಗುವ ಪತ್ರದ್ದು ಬೇರೆ ತೊಡಕು. ಫಿಡೋ ಸಂದೇಶದಲ್ಲಿ ಪಡೆಯುವವರ ಹೆಸರಿಗೆ 36 ಬೈಟ್ ಜಾಗ. ಕೊನೆಯ ಸೊನ್ನೆ ಬೈಟ್ ಬಿಟ್ಟರೆ ಉಳಿದದ್ದು 35 ಅಕ್ಷರ. ಉದ್ದದ ಇಮೇಲ್ ವಿಳಾಸ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಬಳಕೆದಾರರಿಗೆ ಹೀಗೆ ಹೇಳಿಕೊಡಿ: ಹೆಸರಿನ ಜಾಗದಲ್ಲಿ ಯುಯುಸಿಪಿ ಎಂದಷ್ಟೇ ಬರೆಯಿರಿ, ಪತ್ರವನ್ನು ಗೇಟ್‌ವೇ ನೋಡ್‌ಗೆ ಕಳಿಸಿ, ಒಳಗಿನ ಮೊದಲ ಸಾಲಿನಲ್ಲಿ ‘ಟು:’ ಹಾಕಿ ನಿಜವಾದ ವಿಳಾಸ ಕೊಡಿ. ಆ ಸಾಲು ಮರೆತರೆ ಪತ್ರ ಎಲ್ಲಿಗೆ ಹೋಗಬೇಕೆಂದು ಗೇಟ್‌ವೇಗೆ ಗೊತ್ತಾಗುವುದಿಲ್ಲ.

4. ಕರೆಯ ಹೊತ್ತು ಹೊಂದಿಸಿ

ಉತ್ತರ ಅಮೆರಿಕದ ನೋಡ್‌ಗಳು ಯುಟಿಸಿ (ಜಾಗತಿಕ ಪ್ರಮಾಣ ಸಮಯ) 09:00ರಿಂದ 10:00ರವರೆಗೆ ಫಿಡೋ ಪತ್ರಕ್ಕೆಂದೇ ಲೈನ್ ಬಿಟ್ಟಿರಬೇಕು. ಇದು ನಿಯಮ. ಚಳಿಗಾಲದಲ್ಲಿ ಪಶ್ಚಿಮ ಕರಾವಳಿಯವರಿಗೆ ಆಗ ರಾತ್ರಿ ಒಂದರಿಂದ ಎರಡು ಗಂಟೆ. ನಿಮ್ಮ ಯುಯುಸಿಪಿ ಕರೆಯನ್ನು ಮೂರು ಗಂಟೆಗೆ ಇಟ್ಟುಕೊಳ್ಳಿ.

ಸೆಕೆಂಡಿಗೆ 2400 ಬಿಟ್ ವೇಗದ ಮೋಡೆಮ್ ಸೆಕೆಂಡಿಗೆ ಹೆಚ್ಚೆಂದರೆ 240 ಅಕ್ಷರ ಸಾಗಿಸುತ್ತದೆ. ಒಂದು ಲಕ್ಷ ಬೈಟ್‌ಗೆ ಏಳು ನಿಮಿಷ. ಪ್ರೋಗ್ರಾಂ ಫೈಲ್ ಅನ್ನು ಪತ್ರದಲ್ಲಿ ಕಳಿಸಲು ಯುಯುಎನ್‌ಕೋಡ್ ಮಾಡಿದರೆ, ಅಂದರೆ ಬರೀ ಅಕ್ಷರಗಳ ರೂಪಕ್ಕೆ ತಂದರೆ, ಮೂರು ಬೈಟ್ ನಾಲ್ಕು ಅಕ್ಷರವಾಗುತ್ತದೆ, ಹೊರೆ ಇನ್ನೂ ಜಾಸ್ತಿ. ಆದ್ದರಿಂದ ಪತ್ರದ ಗಾತ್ರಕ್ಕೆ ಮಿತಿ ಹಾಕಿ. ದೂರದ ನೋಡ್‌ಗೆ ಅದನ್ನು ದಾಟಿಸುವವರು ಟ್ರಂಕ್ ಕರೆಯ ದುಡ್ಡು ಕೊಡುವುದು ತಮ್ಮ ಜೇಬಿನಿಂದ.

ಇಷ್ಟೆಲ್ಲ ಕಷ್ಟ ಯಾಕೆ ಅನ್ನುವವರು ದಕ್ಷಿಣ ಆಫ್ರಿಕಾದ ರೋಡ್ಸ್ ವಿಶ್ವವಿದ್ಯಾಲಯವನ್ನು ನೋಡಬೇಕು. ವರ್ಣಭೇದ ನೀತಿಯ ಕಾರಣಕ್ಕೆ ಆ ದೇಶದ ಜೊತೆ ಸಂಪರ್ಕ ಬೆಳೆಸಲು ಹೊರಗಿನವರು ಹಿಂಜರಿಯುತ್ತಿದ್ದ ದಿನಗಳು. 80ರ ದಶಕದ ಕೊನೆಯಲ್ಲಿ ಅಲ್ಲಿನ ಇಮೇಲ್ ಹೊರಜಗತ್ತು ಸೇರುತ್ತಿದ್ದದ್ದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ರ‍್ಯಾಂಡಿ ಬುಷ್ ನಡೆಸುತ್ತಿದ್ದ ಫಿಡೋ ನೋಡ್ ಮೂಲಕ. 1991ರ ನವೆಂಬರ್‌ನಲ್ಲಿ ನೇರ ಐಪಿ (ಇಂಟರ್ನೆಟ್) ಸಂಪರ್ಕ ಬಂದಾಗಲೂ ಅದರ ಅಮೆರಿಕದ ತುದಿ ಬುಷ್ ಅವರ ಮನೆಯಲ್ಲೇ ಇತ್ತು. ಒಬ್ಬ ಹವ್ಯಾಸಿಯ ಮನೆ ಒಂದು ವಿಶ್ವವಿದ್ಯಾಲಯಕ್ಕೆ ಬಾಗಿಲಾಯಿತು. ಗೇಟ್‌ವೇ ನಡೆಸುವವರ ಮೇಲೆ ನನಗಿರುವ ಗೌರವಕ್ಕೆ ಇದೊಂದೇ ಸಾಕು.

5. ಚರ್ಚೆಗಳನ್ನು ಜೋಡಿಸುವಾಗ ಹುಷಾರು

ಯುನಿಕ್ಸ್ ಯಂತ್ರಗಳ ನಡುವೆ ಹರಡಿದ್ದ ಯೂಸ್‌ನೆಟ್ ಎಂಬ ಚರ್ಚಾಜಾಲದ ಗುಂಪುಗಳನ್ನೂ, ನೋಡ್‌ನಿಂದ ನೋಡ್‌ಗೆ ಸಾಗುವ ಫಿಡೋದ ಎಕೋ ಚರ್ಚೆಗಳಿಗೆ ಜೋಡಿಸಬಹುದು. ಆದರೆ ಒಂದು ಗುಂಪಿಗೆ ಒಂದೇ ಗೇಟ್‌ವೇ ಇರಲಿ. ಎರಡಿದ್ದರೆ ಒಂದು ಕಡೆಯಿಂದ ಒಳಬಂದ ಸಂದೇಶ ಇನ್ನೊಂದು ಕಡೆಯಿಂದ ಹೊರಬಿದ್ದು, ಮತ್ತೆ ಹೊಸದರಂತೆ ಒಳಬಂದು ಸುತ್ತುತ್ತಲೇ ಇರುತ್ತದೆ. ಸಂದೇಶದ ಮೂಲ ಗುರುತಿನ ಸಂಖ್ಯೆಯನ್ನು ಯಾವ ಕಾರಣಕ್ಕೂ ಅಳಿಸಬೇಡಿ. ನಕಲನ್ನು ಪತ್ತೆ ಹಚ್ಚಲು ಉಳಿಯುವ ದಾರಿ ಅದೊಂದೇ.

ಬೆಳಿಗ್ಗೆ ಎದ್ದು ಲಾಗ್ ಫೈಲ್ ನೋಡಿ. ತಲುಪದ ಪತ್ರವನ್ನು ಸದ್ದಿಲ್ಲದೆ ಅಳಿಸಬೇಡಿ, ಕಾರಣ ಬರೆದು ಕಳಿಸಿದವರಿಗೆ ಹಿಂದಿರುಗಿಸಿ. ಆ ಕಾರಣದ ಪತ್ರವೂ ತಲುಪದೆ ವಾಪಸ್ ಬಂದರೆ ಮತ್ತೆ ಕಳಿಸಬೇಡಿ, ಎರಡು ಯಂತ್ರಗಳು ರಾತ್ರಿಯಿಡೀ ಅದನ್ನೇ ತಳ್ಳಾಡುತ್ತವೆ. ಬೇರೆ ಫೋಲ್ಡರ್‌ಗೆ ಹಾಕಿ, ವಿಳಾಸ ಎಲ್ಲಿ ತಪ್ಪಿದೆ ಅಂತ ನೀವೇ ಕೂತು ನೋಡಿ.