ತೋಟದ ಮನೆಯಲ್ಲಿ ಕ್ಲೋಜಪಿನ್: ನನ್ನ ಅನುಭವ

ತೀರ್ಥಹಳ್ಳಿಯಿಂದ ಒಳಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ನಮ್ಮ ಮನೆ. ಇಲ್ಲಿ ಕೂತು ಮೈದುನನಿಗೆ ಕ್ಲೋಜಪಿನ್ (ಬೇರೆ ಮಾತ್ರೆ ಹಿಡಿಯದ ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಮಾತ್ರೆ) ನಡೆಸೋದು ಆಗಹೋಗದ ಮಾತು ಅಂತ ಚಿಕ್ಕಮಾವನಿಂದ ಹಿಡಿದು ಎಲ್ಲರೂ ಹೇಳಿದ್ದರು. ಮೂರು ವರ್ಷವಾಯಿತು, ನಡೆಸಿದ್ದೇನೆ. ಈ ಸಲದ ಅಡಿಕೆ ಕೊನೆಕೊಯ್ಲಿನ ಲೆಕ್ಕ ಪೂರಾ ಬರೆದದ್ದು ಅದೇ ಮೈದುನ.

ರಿಸ್ಪೆರಿಡೋನ್, ಆಮೇಲೆ ಒಲಾಂಜಪಿನ್, ಇದೇ ಕಾಯಿಲೆಯ ಎರಡೂ ಮಾತ್ರೆ ಸೋತ ಮೇಲೆ ಡಾಕ್ಟ್ರು ಇದಕ್ಕೆ ಬಂದರು. ನಡುವೆ ಕಾಫಿಯಲ್ಲಿ ಮಾತ್ರೆ ಅರೆದು ಹಾಕಿದ ತಪ್ಪನ್ನೂ ಮಾಡಿದ್ದೇನೆ. ಗೊತ್ತಾದ ಮೇಲೆ ಏಳೆಂಟು ತಿಂಗಳು ಅವನು ನನ್ನ ಕೈಯ ನೀರು ಮುಟ್ಟಲಿಲ್ಲ. ಯಾರೂ ಹಾಗೆ ಮಾಡಬೇಡಿ.

ಶುರು 12.5 ಎಂಜಿ. ಈ ಮಾತ್ರೆ ಬಿಳಿ ರಕ್ತಕಣ ಇಳಿಸಿಬಿಡಬಹುದು, ಅದಕ್ಕೆ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ, ವರ್ಷ ತುಂಬುವ ತನಕ ಹದಿನೈದು ದಿನಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ. ಸಿಬಿಸಿಗೆ (ರಕ್ತಕಣ ಎಣಿಸುವ ಪರೀಕ್ಷೆ) ಆಗ 250 ರೂಪಾಯಿ ಇರಬೇಕು. ಬಸ್ಸು, ಊಟ ಸೇರಿ ವಾರಕ್ಕೆ ಐನೂರು ದಾಟುತ್ತಿತ್ತು. ಇಪ್ಪತ್ತು ಕಿಲೋ ರಾಶಿ ಅಡಿಕೆಯ ದುಡ್ಡು ಸೂಜಿಗೇ ಹೋಯಿತು. ಅದರ ಮುಂದೆ ಮಾತ್ರೆ ಅಗ್ಗ. ವಾರವಾರ ಅವನು ತಕರಾರಿಲ್ಲದೆ ಕೈ ಚಾಚುವಂತೆ ಮಾಡಿದ ಉಪಾಯ ಮಾತ್ರ ಹೇಳುವುದಿಲ್ಲ, ಅದು ನಮ್ಮಿಬ್ಬರ ಒಪ್ಪಂದ.

ದೊಡ್ಡ ಪೆಟ್ಟು ತಿಂದದ್ದು ಆಷಾಢದ ಮಳೆಯಲ್ಲಿ. ದಾರಿ ಮುಳುಗಿ, ಮಾತ್ರೆ ಮುಗಿದು, ಎರಡೂವರೆ ದಿನ ತಪ್ಪಿತು. ಸಿಕ್ಕ ರಾತ್ರಿಯೇ ಹಳೆಯ 200 ಎಂಜಿ ಕೊಟ್ಟುಬಿಟ್ಟೆ. ಬಚ್ಚಲಿಗೆ ಹೊರಟವನು ಜಗುಲಿಯಲ್ಲಿ ಕುಸಿದ, ಮೈ ತಣ್ಣಗೆ, ಬೆವರು. ಕೊನೆಯ ಮಾತ್ರೆ ತಗೊಂಡು 48 ಗಂಟೆ ದಾಟಿದರೆ ಮತ್ತೆ 12.5ರಿಂದ ಏರಿಸಬೇಕು, ಅದೂ ಡಾಕ್ಟ್ರನ್ನು ಕೇಳಿ. ಈಗ ಮಳೆಗಾಲಕ್ಕೆ ಹದಿನೈದು ದಿನದ ಮಾತ್ರೆ ಅಕ್ಕಿ ಡಬ್ಬಿಯ ಮೇಲಿನ ಗೂಡಿನಲ್ಲಿ ಬೇರೆಯೇ ಇರುತ್ತದೆ.

ಬೀಡಿಯ ವಿಷಯ ತುಂಬ ಜನ ಹಗುರ ಮಾಡುತ್ತಾರೆ. ಬೀಡಿಯ ಹೊಗೆ ಈ ಮಾತ್ರೆಯನ್ನು ಮೈಯಿಂದ ಬೇಗ ಖಾಲಿ ಮಾಡುತ್ತದೆ. ದಿನಕ್ಕೊಂದು ಕಟ್ಟು ಸೇದುವವನು ಯಾರದೋ ಬುದ್ಧಿಮಾತಿಗೆ ಒಮ್ಮೆಲೇ ಬಿಟ್ಟ. ವಾರದಲ್ಲಿ ಕಣ್ಣು ಬಿಡಲಾರದಷ್ಟು ಮಂಪರು, ದಿಂಬಿನ ಮೇಲಿನ ಬೈರಾಸು ಬೆಳಗಾಗುವುದರೊಳಗೆ ಜೊಲ್ಲಿನಿಂದ ಹಿಂಡುವಷ್ಟು ಒದ್ದೆ. ಡಾಕ್ಟ್ರು ಡೋಸು ಇಳಿಸಿದ ಮೇಲೆ ಸರಿಯಾಯಿತು. ಹೊಗೆಸೊಪ್ಪು ಹಾಕಿದ ಕವಳಕ್ಕೆ ಈ ಗುಣವಿಲ್ಲ, ಕೆಲಸ ಹೊಗೆಯದ್ದು, ನಿಕೋಟಿನ್‌ನದಲ್ಲ. ಕಾಫಿ ಇದಕ್ಕೆ ತಿರುಗುಮುರುಗು, ಮಾತ್ರೆಯ ಅಂಶವನ್ನು ಏರಿಸುತ್ತದೆ. ಹಾಗಾಗಿ ನಮ್ಮಲ್ಲಿ ಬೆಳಿಗ್ಗೆ ಒಂದೇ ಲೋಟ, ಸಂಜೆ ಕೊತ್ತಂಬರಿ ಜೀರಿಗೆ ಕಷಾಯ.

ಈ ಮಾತ್ರೆ ತರುವ ಮಲಬದ್ಧತೆಗೆ ಬಾಳೆದಿಂಡು, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ ಎಲ್ಲ ಪ್ರಯೋಗ ಮಾಡಿದೆ. ದಿಂಡಿನ ಪಲ್ಯ ಸ್ವಲ್ಪ ಹಿಡಿಯಿತು, ಉಳಿದದ್ದು ಬರೀ ಸಮಾಧಾನ. ಕೊನೆಗೆ ಡಾಕ್ಟ್ರು ಬರೆದ ಸಿರಪ್ಪೇ ಬೇಕಾಯಿತು. ಸಂಕೋಚ ಬಿಟ್ಟು ದಿನಾ ಕೇಳಿ. ಕರುಳು ಕಟ್ಟಿ ಜೀವಕ್ಕೇ ಬರಬಹುದು. ತೂಕ ಮೊದಲ ವರ್ಷ ಹನ್ನೊಂದು ಕಿಲೋ ಏರಿತು, ಸಕ್ಕರೆ ಪರೀಕ್ಷೆಯೂ ಈಗ ಪಟ್ಟಿಯಲ್ಲಿದೆ.

ಜ್ವರ, ಗಂಟಲುನೋವು ಬಂದರೆ ನಾನು ಕಾಯುವುದೇ ಇಲ್ಲ, ಅವತ್ತೇ ರಕ್ತ. ಒಂದು ಫೆಬ್ರುವರಿಯಲ್ಲಿ ಜ್ವರ ಏರಿದಾಗ ಅತ್ತೆ ಮೆಣಸಿನ ಕಷಾಯಕ್ಕೆ ಒಲೆ ಹಚ್ಚಿದ್ದರು, ನಾನು ಜೀಪಿಗೆ ಎಂಟುನೂರು ಕೊಟ್ಟು ಹೊರಟೆ. ನಮ್ಮ ಕಡೆ ಮಂಗನ ಕಾಯಿಲೆಯಲ್ಲೂ ಬಿಳಿ ರಕ್ತಕಣ ಇಳಿಯುತ್ತದೆ, ಆದ್ದರಿಂದ ಕಾಡಿಗೆ ಹೋದದ್ದನ್ನೂ ಈ ಮಾತ್ರೆಯನ್ನೂ ಒಟ್ಟಿಗೇ ಹೇಳಬೇಕು. ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) 1,500ಕ್ಕಿಂತ ಕೆಳಗಿಳಿದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ ಅಂತ ನಮ್ಮ ಡಾಕ್ಟ್ರ ಅಪ್ಪಣೆ. ಅವತ್ತು ನಾಲ್ಕು ಸಾವಿರದ ಹತ್ತಿರ ಇತ್ತು. ಬರೀ ಶೀತ.

ರಿಪೋರ್ಟಿನ ಅಂಕಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆಯುವ ಕೆಲಸ ನನ್ನದಾಗಿತ್ತು. ಹೋದ ಗುರುವಾರ ಅವನೊಬ್ಬನೇ ಬಸ್ಸಿಗೆ ಹೋಗಿ ಬಂದ. ಚಪ್ಪಲಿ ಬಿಡುತ್ತಲೇ ಕೇಳಿದ: “ಅತ್ಗೆ, ಪೆನ್ ಎಲ್ಲಿಟ್ಟಿದೀರಿ?”