ಮೀನು ತಿನ್ನಿ, ಆದರೆ ಯಾವುದನ್ನು, ಎಷ್ಟು?

ದೊಡ್ಡ ಬೇಟೆಗಾರ ಮೀನುಗಳ ಮೈಯಲ್ಲಿ ಪಾದರಸ ವರ್ಷಗಟ್ಟಲೆ ಜಮೆಯಾಗುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ವಾರಕ್ಕೆ ದೇಹತೂಕದ ಪ್ರತಿ ಕಿಲೋಗೆ 1.3 ಮೈಕ್ರೋಗ್ರಾಂ ಮೀಥೈಲ್ ಮರ್ಕ್ಯುರಿ (ಮೀನಿನಲ್ಲಿ ಪಾದರಸ ಹೆಚ್ಚಾಗಿ ಇರುವ ರೂಪ). 60 ಕಿಲೋ ತೂಕದವರಿಗೆ ವಾರಕ್ಕೆ 78 ಮೈಕ್ರೋಗ್ರಾಂ ಆಯಿತು. ಶಾರ್ಕ್ ಮಾಂಸದಲ್ಲಿ ಗ್ರಾಂಗೆ ಸುಮಾರು 1 ಮೈಕ್ರೋಗ್ರಾಂ ಇರುತ್ತದೆ. ಒಂದೇ ತುಂಡಿಗೆ ವಾರದ ಕೋಟಾ ಮುಗಿಯಿತು! ಬೂತಾಯಿಯಲ್ಲಿ ಪಾದರಸ ತೀರಾ ಕಡಿಮೆ, ಒಮೆಗಾ-3 ಧಾರಾಳ.

ತೊಳೆದರೂ ಹುರಿದರೂ ಪಾದರಸ ಹೋಗುವುದಿಲ್ಲ, ಅದು ಸ್ನಾಯುವಿನ ಪ್ರೋಟೀನಿಗೇ ಅಂಟಿರುತ್ತದೆ. ಇನ್ನೊಂದು ವಿಷಲೋಹ ಕ್ಯಾಡ್ಮಿಯಂ ಸೇರುವುದು ಹೆಚ್ಚಾಗಿ ಯಕೃತ್ತು, ಮೂತ್ರಪಿಂಡಗಳಲ್ಲಿ. ಹಾಗಾಗಿ ಒಳಭಾಗವನ್ನು ಪೂರ್ತಿ ತೆಗೆಯಿರಿ.

ಗರ್ಭಿಣಿಯರು ಹೆದರಿ ಮೀನನ್ನೇ ಬಿಡುವುದು ತಪ್ಪು ಲೆಕ್ಕ, ಮಗುವಿನ ಮಿದುಳಿಗೆ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬು ಬೇಕು. ಪಾದರಸ ಕಡಿಮೆಯಿರುವ ಮೀನನ್ನು ವಾರಕ್ಕೆ 230–340 ಗ್ರಾಂ, ಎರಡು-ಮೂರು ಸಲ ಹಂಚಿ ತಿನ್ನಲಿ. ಡಬ್ಬಿ ಟ್ಯೂನಾ ಕೊಳ್ಳುವಾಗ ಪಾದರಸ ಹೆಚ್ಚಿರುವ ಆಲ್ಬಕೋರ್ ಜಾತಿ ಬಿಟ್ಟು, ಕಡಿಮೆಯಿರುವ ಸ್ಕಿಪ್‌ಜ್ಯಾಕ್ ಜಾತಿ ಆರಿಸಿ.